ಒಂದೇ ಲೈನ್, ಹತ್ತಾರು ಆ್ಯಪ್: ಇಂಟರ್ನೆಟ್ ಯಾರಿಗೆ ಎಷ್ಟು, ಯಾವಾಗ?

ಸ್ಪೀಡ್ ಟೆಸ್ಟ್ ಮಾಡಿದರೆ 100 ಎಂಬಿಪಿಎಸ್ ತೋರಿಸುತ್ತದೆ. ಆದರೂ ವಿಡಿಯೊ ಕಾಲ್‌ನಲ್ಲಿ ಮಾತು ತುಂಡು ತುಂಡಾಗಿ ಬರುತ್ತದೆ. ಸಣ್ಣದೊಂದು ವೆಬ್ ಪುಟ ತೆರೆಯಲು ಐದಾರು ಸೆಕೆಂಡ್ ಹಿಡಿಯುತ್ತದೆ. ಇನ್ನೂ ಜಾಸ್ತಿ ಸ್ಪೀಡ್ ಇರುವ ಪ್ಲಾನ್ ತಗೋಬೇಕು ಅಂತ ಆಗ ಎಲ್ಲರಿಗೂ ಅನಿಸುತ್ತದೆ. ಹೆಚ್ಚಿನ ಸಲ ಅದರ ಅಗತ್ಯ ಇರುವುದಿಲ್ಲ. ಅದೇ ಹೊತ್ತಿಗೆ ಹಿನ್ನೆಲೆಯಲ್ಲಿ ಫೋಟೊಗಳ ಬ್ಯಾಕಪ್ ನಡೆಯುತ್ತಿರುತ್ತದೆ, ಯಾವುದೋ ಗೇಮ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳುತ್ತಿರುತ್ತದೆ. ಈ ಕೆಲಸಗಳು ಈಗಲೇ ಮುಗಿಯಬೇಕು ಅಂತೇನಿಲ್ಲ. ಆದರೂ ಅವಸರ ಇರುವ ಕೆಲಸದ ಮುಂದೆ ಅವೇ ಸಾಲುಗಟ್ಟಿ ನಿಂತಿರುತ್ತವೆ.

ಆ್ಯಪ್‌ಗಳಿಗೆ ಮಿತಿ ಹಾಕುವುದು ಅಂದರೆ ವೇಗ ಕಳೆದುಕೊಳ್ಳುವುದು ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಅದನ್ನು ಬೇರೆ ಥರ ನೋಡುತ್ತೇನೆ. ಸಾಲು ಎಲ್ಲಿ ನಿಲ್ಲಬೇಕು, ಅದರಲ್ಲಿ ಯಾರು ಮೊದಲು ಹೋಗಬೇಕು ಅನ್ನುವ ತೀರ್ಮಾನವನ್ನು ನಾವು ವಾಪಸ್ ಪಡೆಯುವುದೇ ಮಿತಿ ಹಾಕುವುದು. ಇದು ಯಾಕೆ ಹೀಗೆ ಅಂತ ಗೊತ್ತಾದರೆ ಯಾವ ಸೆಟ್ಟಿಂಗ್ ಮುಟ್ಟಬೇಕು, ಯಾವುದನ್ನು ಬಿಡಬೇಕು ಅನ್ನುವುದೂ ಸುಲಭವಾಗುತ್ತದೆ.

ಹಂಚುವವರು ಯಾರು?

ಕಂಪ್ಯೂಟರ್‌ನಲ್ಲಿ ಹತ್ತು ಆ್ಯಪ್‌ಗಳು ಒಟ್ಟಿಗೆ ನೆಟ್ ಬಳಸುವಾಗ, ಯಾರಿಗೆ ಎಷ್ಟು ಅಂತ ಹಂಚಲು ಸಾಮಾನ್ಯವಾಗಿ ಯಾರೂ ಕೂತಿರುವುದಿಲ್ಲ. ಆ್ಯಪ್‌ಗಳ ಬಹುಪಾಲು ಸಂಪರ್ಕಗಳು ಟಿಸಿಪಿ ಎಂಬ ನಿಯಮಾವಳಿಯಂತೆ ನಡೆಯುತ್ತವೆ. ಹೊಸದಾಗಿ ಬಂದಿರುವ ಕ್ವಿಕ್ ಎಂಬ ನಿಯಮಾವಳಿ ಕೂಡ ಈ ವಿಷಯದಲ್ಲಿ ಅದೇ ದಾರಿ ಹಿಡಿದಿದೆ. ಪ್ರತಿ ಸಂಪರ್ಕವೂ ನಿಧಾನವಾಗಿ ಶುರು ಮಾಡಿ, ವೇಗ ಏರಿಸುತ್ತಾ ಹೋಗುತ್ತದೆ. ಎಲ್ಲೋ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಸಣ್ಣ ತುಂಡು, ಕಳೆದುಹೋಯಿತು ಅಂತ ಗೊತ್ತಾದಾಗ ವೇಗ ತಗ್ಗಿಸುತ್ತದೆ. ಮತ್ತೆ ಏರಿಸುತ್ತದೆ.

ಈ ಶಿಸ್ತು ಹುಟ್ಟಿದ್ದೇ ಒಂದು ದೊಡ್ಡ ತೊಂದರೆಯಿಂದ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದಲ್ಲೇ ಇದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ಗೂ ನಡುವಿನ ಸಂಪರ್ಕದ ವೇಗ 32 ಕೆಬಿಪಿಎಸ್‌ನಿಂದ ಸೆಕೆಂಡಿಗೆ ಬರೀ 40 ಬಿಟ್‌ಗೆ ಕುಸಿಯಿತು. ಎರಡು ಜಾಗಗಳ ನಡುವಿನ ದೂರ ಅರ್ಧ ಕಿಲೋಮೀಟರ್ ಕೂಡ ಇರಲಿಲ್ಲ. ಲೈನ್ ತುಂಬಿ ಪ್ಯಾಕೆಟ್‌ಗಳು ಬಿದ್ದುಹೋದಾಗ ಕಂಪ್ಯೂಟರ್‌ಗಳು ಅವನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು, ಲೈನ್ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು. ಇದನ್ನು ಕೂತು ಪರಿಶೀಲಿಸಿದ ವ್ಯಾನ್ ಜೇಕಬ್ಸನ್ ಮತ್ತು ಮೈಕಲ್ ಕರೆಲ್ಸ್ 1988ರಲ್ಲಿ ಪರಿಹಾರ ಪ್ರಕಟಿಸಿದರು. ದಟ್ಟಣೆ ಕಂಡಾಗ ಕಳಿಸುವವನೇ ಹಿಂದೆ ಸರಿಯಬೇಕು ಅನ್ನುವುದು ಅದರ ತಿರುಳು. ಇವತ್ತಿನ ಇಂಟರ್ನೆಟ್ ನಿಂತಿರುವುದು ಈ ಸ್ವಯಂ ಶಿಸ್ತಿನ ಮೇಲೆ.

ಆದರೆ ಈ ಶಿಸ್ತಿಗೆ ಆ್ಯಪ್ ಯಾವುದು, ಕೆಲಸ ಎಷ್ಟು ಮುಖ್ಯ ಅನ್ನುವುದು ಗೊತ್ತಿಲ್ಲ. ಅದು ಸುಮಾರಾಗಿ ಸಮನಾಗಿ ಹಂಚುವುದು ಸಂಪರ್ಕಗಳ ನಡುವೆ ಮಾತ್ರ. ಒಂದು ಡೌನ್‌ಲೋಡ್ ಮ್ಯಾನೇಜರ್ 16 ಸಂಪರ್ಕ ತೆರೆದಿದೆ, ನಿಮ್ಮ ಬ್ರೌಸರ್‌ನ ಪುಟ ಒಂದೇ ಸಂಪರ್ಕದಲ್ಲಿ ಬರುತ್ತಿದೆ ಅಂದುಕೊಳ್ಳಿ. ಲೈನಿನ 17 ಪಾಲಿನಲ್ಲಿ 16 ಪಾಲು ಡೌನ್‌ಲೋಡ್‌ಗೆ ಹೋಗುತ್ತದೆ. ಟೊರೆಂಟ್ ಆ್ಯಪ್‌ಗಳು ನೂರಾರು ಸಂಪರ್ಕ ತೆರೆಯಬಲ್ಲವು. ಅಲ್ಲಿ ಯಾರೂ ನಿಯಮ ಮುರಿದಿಲ್ಲ, ಲೆಕ್ಕವೇ ಹಾಗಿದೆ.

ನಿಜವಾದ ತೊಂದರೆ ಸಾಲಿನಲ್ಲಿದೆ

ಪಾಲು ಕಡಿಮೆಯಾದರೂ ವಿಡಿಯೊ ಕಾಲ್ ನಡೆಯಬೇಕಲ್ವಾ? ಬರೀ ಧ್ವನಿಯ ಕಾಲ್‌ಗೆ 100 ಕೆಬಿಪಿಎಸ್ ಸಿಕ್ಕರೂ ಸಾಕು. ಧ್ವನಿಯನ್ನು ಡೇಟಾ ಆಗಿ ಬದಲಿಸುವ, ಹಳೆಯ ಟೆಲಿಫೋನ್ ಗುಣಮಟ್ಟದ ಜಿ.711 ಕೊಡೆಕ್‌ಗೆ ಬೇಕಾಗುವುದು 64 ಕೆಬಿಪಿಎಸ್. ಪ್ಯಾಕೆಟ್‌ಗಳ ಹೆಚ್ಚುವರಿ ಭಾರ ಸೇರಿದರೂ ಅದು 90ರ ಒಳಗೇ ಇರುತ್ತದೆ. 100 ಎಂಬಿಪಿಎಸ್ ಲೈನಿನಲ್ಲಿ ಇದು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಆದರೂ ಮಾತು ಕೆಡುತ್ತದೆ. ಹಾಗಾದರೆ ಅಲ್ಲಿ ಕೊರತೆಯಾಗಿರುವುದು ಬ್ಯಾಂಡ್‌ವಿಡ್ತ್ ಅಲ್ಲ.

ಕೆಡಿಸುತ್ತಿರುವುದು ಕಾಯುವ ಹೊತ್ತು. ರೂಟರ್, ಮೋಡೆಮ್‌ಗಳ ಒಳಗೆ ಬಫರ್ ಎಂಬ ಜಾಗವಿದೆ. ಬರುವ ಪ್ಯಾಕೆಟ್‌ಗಳು ಹೊರಗೆ ಹೋಗುವುದಕ್ಕಿಂತ ಜೋರಾಗಿ ಬಂದರೆ ಅಲ್ಲಿ ಕಾಯುತ್ತವೆ. ಟಿಸಿಪಿ ಪ್ಯಾಕೆಟ್ ಕಳೆಯುವವರೆಗೂ ವೇಗ ಏರಿಸುತ್ತಲೇ ಇರುತ್ತದೆ ಅಂದೆನಲ್ಲ, ಬಫರ್ ಪೂರ್ತಿ ತುಂಬುವವರೆಗೆ ಪ್ಯಾಕೆಟ್ ಕಳೆಯುವುದೇ ಇಲ್ಲ. ಹಾಗಾಗಿ ಒಂದು ದೊಡ್ಡ ಅಪ್‌ಲೋಡ್ ನಡೆಯುತ್ತಿದ್ದಷ್ಟು ಹೊತ್ತೂ ಬಫರ್ ತುಂಬಿಯೇ ಇರುತ್ತದೆ. ಅಪ್‌ಲೋಡ್ ವೇಗ 5 ಎಂಬಿಪಿಎಸ್, ಬಫರ್ 1 ಎಂಬಿ ಇದೆ ಅಂತ ಇಟ್ಟುಕೊಳ್ಳಿ. ಅದು ಖಾಲಿಯಾಗಲು 1.6 ಸೆಕೆಂಡ್ ಬೇಕು. ನಿಮ್ಮ ಧ್ವನಿಯ ಪ್ಯಾಕೆಟ್ ಎಷ್ಟೇ ಚಿಕ್ಕದಿರಲಿ, ಅದೂ 1.6 ಸೆಕೆಂಡ್ ಕಾಯಲೇಬೇಕು. ಮಾತುಕತೆ ಸಹಜವಾಗಿರಬೇಕಾದರೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕು ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಇಲ್ಲಿ ಅದರ ಹತ್ತು ಪಟ್ಟು ಆಗಿಹೋಯಿತು.

ಈ ತೊಂದರೆಗೆ ಬಫರ್‌ಬ್ಲೋಟ್ ಅಂತ ಹೆಸರು. ಜಿಮ್ ಗೆಟಿಸ್ 2010ರ ಹೊತ್ತಿಗೆ ಇದನ್ನು ಎಲ್ಲರ ಗಮನಕ್ಕೆ ತಂದರು. ಮೆಮೊರಿ ಅಗ್ಗವಾದ ಮೇಲೆ ಉಪಕರಣ ತಯಾರಿಸುವವರು ಬಫರ್‌ಗಳನ್ನು ದೊಡ್ಡದು ಮಾಡುತ್ತಾ ಹೋದರು. ಪ್ಯಾಕೆಟ್ ಕಳೆಯದಿದ್ದರೆ ಒಳ್ಳೆಯದು ಅನ್ನುವ ಭಾವನೆ ಅದರ ಹಿಂದಿತ್ತು. ಆದರೆ ಪ್ಯಾಕೆಟ್ ಕಳೆದುಹೋಗುವುದೇ ನಿಧಾನ ಮಾಡು ಅನ್ನುವ ಸೂಚನೆ. ಆ ಸೂಚನೆ ತಡವಾಗಿ ಬಂದರೆ ಎಲ್ಲರಿಗೂ ತಡ.

ಅಪ್‌ಲೋಡ್ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಇದನ್ನು ತಿಳಿಯದೆ ತುಂಬಾ ಜನ ತಪ್ಪು ಕಡೆ ಮಿತಿ ಹಾಕುತ್ತಾರೆ. ಡೌನ್‌ಲೋಡ್ ಮಾಡುವಾಗಲೂ ನಮ್ಮ ಕಂಪ್ಯೂಟರ್ 'ಇಷ್ಟು ಬಂತು' ಅಂತ ಆಗಾಗ ಸಣ್ಣ ರಸೀದಿಗಳನ್ನು ವಾಪಸ್ ಕಳಿಸುತ್ತಿರುತ್ತದೆ. ಆ ರಸೀದಿ ತಲುಪದೆ ಆ ಕಡೆಯ ಸರ್ವರ್ ಮುಂದಿನದನ್ನು ಕಳಿಸುವುದಿಲ್ಲ. ಅಪ್‌ಲೋಡ್ ಸಾಲು ತುಂಬಿದ್ದರೆ ರಸೀದಿಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗೆ ಒಂದು ಬ್ಯಾಕಪ್ ನಿಮ್ಮ ಡೌನ್‌ಲೋಡ್ ವೇಗವನ್ನೂ ತಿನ್ನುತ್ತದೆ. ಅನೇಕ ಪ್ಲಾನ್‌ಗಳಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡ್‌ಗಿಂತ ಎಷ್ಟೋ ಕಡಿಮೆ. ಅದು ಬೇಗ ತುಂಬುತ್ತದೆ. ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಮೊದಲು ಅಪ್‌ಲೋಡ್ ಹಿಡಿಯಿರಿ.

ಮೊದಲು ಅಳೆಯಿರಿ

ಊಹೆಯ ಮೇಲೆ ಮಿತಿ ಹಾಕಬೇಡಿ. ನೆಟ್‌ನಲ್ಲಿ ಏನೂ ಕೆಲಸ ನಡೆಯದಿದ್ದಾಗ ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು, ಎಷ್ಟು ಬರುತ್ತದೆ ನೋಡಿ. ಆಮೇಲೆ ದೊಡ್ಡ ಫೈಲ್ ಒಂದನ್ನು ಅಪ್‌ಲೋಡ್ ಮಾಡುತ್ತಾ ಮತ್ತೆ ನೋಡಿ. 20 ಮಿಲಿಸೆಕೆಂಡ್ ಇದ್ದದ್ದು 30ಕ್ಕೆ ಹೋದರೆ ನಿಮ್ಮ ಲೈನ್ ಚೆನ್ನಾಗಿದೆ. 500ಕ್ಕೋ 1000ಕ್ಕೋ ಹೋದರೆ ಸಾಲು ಬೆಳೆದಿದೆ ಅಂತ ಅರ್ಥ. ಡೌನ್‌ಲೋಡ್‌ಗೂ ಹೀಗೇ ಮಾಡಿ.

ಯಾವ ಆ್ಯಪ್ ಎಷ್ಟು ಬಳಸುತ್ತಿದೆ ಅಂತ ನೋಡಲು ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ಇದೆ, ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್‌ನ ನೆಟ್‌ವರ್ಕ್ ಪುಟ ಇದೆ, ಲಿನಕ್ಸ್‌ನಲ್ಲಿ ನೆಟ್‌ಹಾಗ್ಸ್ ಹಾಕಿಕೊಳ್ಳಬಹುದು. ಹತ್ತು ನಿಮಿಷ ಸುಮ್ನೆ ತೆರೆದಿಟ್ಟು ಗಮನಿಸಿದರೂ ಯಾರು ತಿನ್ನುತ್ತಿದ್ದಾರೆ ಅಂತ ಬಹುತೇಕ ಗೊತ್ತಾಗುತ್ತದೆ.

ಲೆಕ್ಕದಲ್ಲಿ ಒಂದು ಎಚ್ಚರ. ಲೈನಿನ ವೇಗ ಹೇಳುವುದು ಬಿಟ್‌ಗಳಲ್ಲಿ, ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಬೈಟ್‌ಗಳಲ್ಲಿ. 8 ಬಿಟ್‌ಗೆ 1 ಬೈಟ್. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. ಟೊರೆಂಟ್ ಆ್ಯಪ್‌ನ ಮಿತಿಯ ಖಾನೆಯಲ್ಲಿ 1000 ಅಂತ ಬರೆದರೆ ಅದು ಸೆಕೆಂಡಿಗೆ 1000 ಕಿಲೋಬೈಟ್. ಅಂದರೆ 8 ಎಂಬಿಪಿಎಸ್. 5 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನಿನಲ್ಲಿ ಆ ಮಿತಿ ಇದ್ದೂ ಇಲ್ಲದಂತೆ.

ಮಿತಿ ಒಳಗೆ ಹೇಗೆ ಕೆಲಸ ಮಾಡುತ್ತದೆ

ಹೆಚ್ಚಿನ ಮಿತಿಗಳ ಹಿಂದೆ ಇರುವುದು ಟೋಕನ್ ಬಕೆಟ್ ಎಂಬ ವಿಧಾನ. ಒಂದು ಬಕೆಟ್‌ಗೆ ನಿಗದಿತ ವೇಗದಲ್ಲಿ ಟೋಕನ್‌ಗಳು ಬೀಳುತ್ತಿರುತ್ತವೆ. ಪ್ಯಾಕೆಟ್ ಹೊರಡಬೇಕಾದರೆ ತನ್ನ ಗಾತ್ರದಷ್ಟು ಟೋಕನ್ ಕೊಟ್ಟೇ ಹೊರಡಬೇಕು. ಇಲ್ಲದಿದ್ದರೆ ಕಾಯಬೇಕು. ಬಕೆಟ್ ತುಂಬಿದ ಮೇಲೆ ಬಿದ್ದ ಟೋಕನ್ ವ್ಯರ್ಥ. ಇದರಿಂದ ಎರಡು ಕೆಲಸ ಆಗುತ್ತದೆ. ಸರಾಸರಿ ವೇಗ ಟೋಕನ್ ಬೀಳುವ ವೇಗವನ್ನು ಮೀರುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ ಆ್ಯಪ್‌ಗೆ ಕೂಡಿಟ್ಟ ಟೋಕನ್‌ನಿಂದ ಒಂದು ಸಣ್ಣ ಜಿಗಿತಕ್ಕೂ ಅವಕಾಶ ಇರುತ್ತದೆ. ಮಿತಿ ಹಾಕಿದ ಮೇಲೂ ಶುರುವಿನಲ್ಲಿ ಒಂದು ಕ್ಷಣ ವೇಗ ಜಾಸ್ತಿ ಕಂಡರೆ ಗಾಬರಿ ಬೇಡ.

ಅಪ್‌ಲೋಡ್‌ಗೆ ಇದು ಖಚಿತವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಕಳಿಸುವುದು ನಾವೇ. ಡೌನ್‌ಲೋಡ್ ಕಥೆ ಬೇರೆ. ಪ್ಯಾಕೆಟ್ ನಮ್ಮ ಕಂಪ್ಯೂಟರ್‌ಗೆ ಬರುವ ಹೊತ್ತಿಗೆ ಅದು ಲೈನಿನಲ್ಲಿ ಬಂದಾಗಿದೆ, ಜಾಗ ಬಳಸಿಯಾಗಿದೆ. ಆಮೇಲೆ ತಡೆದು ಏನು ಲಾಭ? ಲಾಭ ಇದೆ, ಆದರೆ ಸುತ್ತಿ ಬರುತ್ತದೆ. ಆ್ಯಪ್ ನಿಧಾನವಾಗಿ ಓದಿದರೆ, 'ನನ್ನ ಬಳಿ ಜಾಗ ಕಡಿಮೆ ಇದೆ' ಅಂತ ಟಿಸಿಪಿ ಆ ಕಡೆಯವರಿಗೆ ಹೇಳುತ್ತದೆ. ಅಥವಾ ಮಿತಿ ಹಾಕುವ ಸಾಧನ ಒಂದೆರಡು ಪ್ಯಾಕೆಟ್ ಬೀಳಿಸುತ್ತದೆ, ಕಳಿಸುವವನು ದಟ್ಟಣೆ ಇದೆ ಅಂತ ತಿಳಿದು ನಿಧಾನಿಸುತ್ತಾನೆ. ಎರಡರಲ್ಲೂ ನಾವು ಕೇಳಿಕೊಳ್ಳುತ್ತಿದ್ದೇವೆ, ಆ ಕಡೆಯವರು ಒಪ್ಪುತ್ತಿದ್ದಾರೆ. ಅದಕ್ಕೇ ಡೌನ್‌ಲೋಡ್ ಮಿತಿಯನ್ನು ಅಪ್‌ಲೋಡ್‌ಗಿಂತ ಸ್ವಲ್ಪ ಹೆಚ್ಚು ಅಂತರ ಬಿಟ್ಟು ಹಾಕುವುದು ಒಳ್ಳೆಯದು.

ಎಲ್ಲಿ ಹಾಕಬೇಕು?

ಆ್ಯಪ್‌ನ ಒಳಗೇ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನೇ ಬಳಸಿ. ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್ ಮೂರರಲ್ಲೂ ಅಪ್‌ಲೋಡ್, ಡೌನ್‌ಲೋಡ್‌ಗೆ ಬೇರೆ ಬೇರೆ ಮಿತಿ ಇಡಬಹುದು. ಸ್ಟೀಮ್‌ನಲ್ಲಿ ಡೌನ್‌ಲೋಡ್ ವೇಗಕ್ಕೂ ಮಿತಿ ಇದೆ, ಅಪ್‌ಡೇಟ್ ಯಾವ ಹೊತ್ತಿನಲ್ಲಿ ಆಗಬೇಕು ಅನ್ನುವುದಕ್ಕೂ ಜಾಗ ಇದೆ. ವಿಂಡೋಸ್ ಅಪ್‌ಡೇಟ್‌ಗೆ ಡೆಲಿವರಿ ಆಪ್ಟಿಮೈಸೇಶನ್ ಎಂಬಲ್ಲಿ ಹೋಗಿ ಶೇಕಡಾವಾರು ಮಿತಿ ಇಡಬಹುದು. ಅದೇ ಪುಟದಲ್ಲಿ, ಇಳಿಸಿಕೊಂಡ ಅಪ್‌ಡೇಟನ್ನು ಬೇರೆ ಕಂಪ್ಯೂಟರ್‌ಗಳಿಗೂ ಹಂಚುವ ಆಯ್ಕೆ ಇರುತ್ತದೆ. ಇಂಟರ್ನೆಟ್‌ನಲ್ಲಿರುವ ಯಾರಿಗೆ ಬೇಕಾದರೂ ಹಂಚುವ ಹಾಗೆ ಅದು ಇದ್ದರೆ ನಿಮ್ಮ ಅಪ್‌ಲೋಡ್ ಅಲ್ಲಿ ಹೋಗುತ್ತದೆ, ಒಮ್ಮೆ ನೋಡಿಬಿಡಿ. ಕಮಾಂಡ್ ಸಾಲಿನಿಂದ ಕೆಲಸ ಮಾಡುವವರಿಗೆ ಆರ್‌ಸಿಂಕ್, ಕರ್ಲ್, ಡಬ್ಲ್ಯೂಗೆಟ್ ಎಲ್ಲದರಲ್ಲೂ ವೇಗದ ಮಿತಿಯ ಆಯ್ಕೆ ಇದೆ.

ಆ್ಯಪ್‌ನಲ್ಲಿ ಸೆಟ್ಟಿಂಗ್ ಇಲ್ಲದಿದ್ದರೆ ಹೊರಗಿನ ಸಾಧನ ಬೇಕು. ವಿಂಡೋಸ್‌ನಲ್ಲಿ ನೆಟ್‌ಲಿಮಿಟರ್, ನೆಟ್‌ಬ್ಯಾಲೆನ್ಸರ್ ಥರದವು ಪ್ರತಿ ಪ್ರೋಗ್ರಾಂಗೂ ಬೇರೆ ಮಿತಿ ಹಾಕುತ್ತವೆ. ಲಿನಕ್ಸ್‌ನಲ್ಲಿ ಟ್ರಿಕಲ್ ಎಂಬ ಸಣ್ಣ ಸಾಧನ ಒಂದೇ ಪ್ರೋಗ್ರಾಂನ ವೇಗ ತಗ್ಗಿಸುತ್ತದೆ. ಇನ್ನೂ ಆಳಕ್ಕೆ ಇಳಿಯುವವರಿಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಟಿಸಿ ಎಂಬ ವ್ಯವಸ್ಥೆ ಇದೆ. ಮ್ಯಾಕ್‌ನ ಟ್ರಿಪ್‌ಮೋಡ್ ವೇಗ ತಗ್ಗಿಸುವುದಿಲ್ಲ, ಯಾವ ಆ್ಯಪ್‌ಗೆ ನೆಟ್ ಕೊಡಬೇಕು, ಯಾವುದಕ್ಕೆ ಬೇಡ ಅಂತ ತೀರ್ಮಾನಿಸುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವಾಗ ನಿಜವಾಗಿ ಬೇಕಿರುವುದು ಅದೇ.

ಇವೆಲ್ಲಕ್ಕೂ ಒಂದು ಕೊರತೆ ಇದೆ. ಒಂದು ಕಂಪ್ಯೂಟರ್‌ನಲ್ಲಿ ಹಾಕಿದ ಮಿತಿಗೆ ಪಕ್ಕದ ಫೋನ್, ಟಿವಿ ಏನು ಮಾಡುತ್ತಿವೆ ಅಂತ ಗೊತ್ತಿರುವುದಿಲ್ಲ. ಎಲ್ಲವೂ ಹಾದುಹೋಗುವ ಜಾಗ ರೂಟರ್ ಮಾತ್ರ. ಬಫರ್‌ಬ್ಲೋಟ್‌ಗೆ ಒಳ್ಳೆಯ ಔಷಧ ಸಿಕ್ಕಿರುವುದೂ ಅಲ್ಲೇ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ವಿಧಾನ ಪ್ರಕಟಿಸಿದರು. ಸಾಲು ಎಷ್ಟು ಉದ್ದ ಇದೆ ಅಂತ ನೋಡುವ ಬದಲು, ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ಕಾಯಿತು ಅಂತ ಅದು ನೋಡುತ್ತದೆ. ಕಾಯುವುದು ಹೆಚ್ಚಾದರೆ ಬಫರ್ ತುಂಬುವ ಮೊದಲೇ ಪ್ಯಾಕೆಟ್ ಬೀಳಿಸಿ ಸೂಚನೆ ಕೊಡುತ್ತದೆ. ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡುವ ವಿಧಾನವನ್ನು ಇದಕ್ಕೆ ಸೇರಿಸಿದಾಗ ಎಫ್‌ಕ್ಯೂ-ಕೋಡೆಲ್ ಆಯಿತು. ಅದರ ಮುಂದಿನ ರೂಪವಾದ ಕೇಕ್ 2018ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. ಒಂದು ಸಾಧನ ಎಷ್ಟೇ ಸಂಪರ್ಕ ತೆರೆದರೂ ಸಾಧನಗಳ ನಡುವೆ ಸಮನಾಗಿ ಹಂಚುವ ಶಕ್ತಿ ಕೇಕ್‌ಗಿದೆ. ಹಿಂದೆ ಹೇಳಿದ 16 ಸಂಪರ್ಕದ ಡೌನ್‌ಲೋಡ್ ಬೇರೆ ಸಾಧನದಲ್ಲಿ ನಡೆಯುತ್ತಿದ್ದರೆ ಆ ತೊಂದರೆ ಅಲ್ಲಿ ದೊಡ್ಡ ಮಟ್ಟಿಗೆ ಬಗೆಹರಿಯುತ್ತದೆ.

ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿದ ರೂಟರ್‌ಗಳಲ್ಲಿ ಇದು ಎಸ್‌ಕ್ಯೂಎಂ ಹೆಸರಿನಲ್ಲಿ ಸಿಗುತ್ತದೆ. ಅಲ್ಲಿ ವೇಗದ ಮಿತಿಯನ್ನು ಅಳೆದ ವೇಗದ 85ರಿಂದ 95 ಶೇಕಡಾದಷ್ಟು ಇಡುವುದು ರೂಢಿ. ಉಳಿದ ಐದರಿಂದ ಹದಿನೈದು ಶೇಕಡಾ ಯಾಕೆ ಬಿಡಬೇಕು ಅಂತ ಹೊಟ್ಟೆ ಉರಿಯುವುದು ಸಹಜ. ಆದರೆ ಗುಟ್ಟಿರುವುದೇ ಅಲ್ಲಿ. ನಾವು ಲೈನಿಗಿಂತ ಚೂರು ನಿಧಾನವಾಗಿ ಕಳಿಸಿದರೆ ಸಾಲು ನಮ್ಮ ರೂಟರ್‌ನಲ್ಲಿ ನಿಲ್ಲುತ್ತದೆ. ಪೂರ್ತಿ ವೇಗದಲ್ಲಿ ಕಳಿಸಿದರೆ ಮೋಡೆಮ್‌ನಲ್ಲೋ ಕಂಪನಿಯ ಉಪಕರಣದಲ್ಲೋ ನಿಲ್ಲುತ್ತದೆ. ಅಲ್ಲಿ ಯಾರು ಮೊದಲು ಹೋಗಬೇಕು ಅಂತ ಹೇಳಲು ನಮಗೆ ಅಧಿಕಾರವಿಲ್ಲ.

ಜಾಗ ಬಿಟ್ಟುಕೊಡುವ ಆ್ಯಪ್‌ಗಳು

ಗಟ್ಟಿ ಮಿತಿಯಲ್ಲಿ ಒಂದು ನಷ್ಟ ಇದ್ದೇ ಇದೆ. ರಾತ್ರಿ ಎರಡು ಗಂಟೆಗೆ ಲೈನ್ ಖಾಲಿ ಇದ್ದರೂ ಬ್ಯಾಕಪ್ ತೆವಳುತ್ತಲೇ ಇರುತ್ತದೆ. ಇದಕ್ಕೆ ಉತ್ತರವಾಗಿ, ಬೇರೆಯವರು ಬಂದಾಗ ತಾನೇ ಹಿಂದೆ ಸರಿಯುವ ವಿಧಾನಗಳು ಬಂದಿವೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದಲೂ ಬಿಟ್ಸ್ ಎಂಬ ಸೇವೆ ಇದೆ. ಬಳಕೆಯಾಗದೆ ಉಳಿದ ಬ್ಯಾಂಡ್‌ವಿಡ್ತ್‌ನಲ್ಲಿ ಫೈಲ್ ಇಳಿಸುವುದು ಅದರ ಕೆಲಸ. ಟೊರೆಂಟ್ ಲೋಕದಿಂದ ಬೆಳೆದು ಬಂದ ಲೆಡ್‌ಬ್ಯಾಟ್ 2012ರಲ್ಲಿ ಇಂಟರ್ನೆಟ್‌ನ ಪ್ರಾಯೋಗಿಕ ಮಾನದಂಡವಾಗಿ ಪ್ರಕಟವಾಯಿತು. ಅದು ಪ್ಯಾಕೆಟ್ ಕಳೆಯುವವರೆಗೆ ಕಾಯುವುದಿಲ್ಲ. ವಿಳಂಬ ಏರುತ್ತಿದೆ ಅಂತ ಕಂಡ ಕೂಡಲೇ ವೇಗ ತಗ್ಗಿಸುತ್ತದೆ. ತಾನು ಸೇರಿಸುವ ಕಾಯುವಿಕೆ 100 ಮಿಲಿಸೆಕೆಂಡ್ ಮೀರದಂತೆ ನೋಡಿಕೊಳ್ಳುತ್ತದೆ.

ಇದರಲ್ಲಿ ಒಂದು ವಿಚಿತ್ರ ಅಡಗಿದೆ. ರೂಟರ್‌ನಲ್ಲಿ ಎಫ್‌ಕ್ಯೂ-ಕೋಡೆಲ್ ಇದ್ದರೆ ವಿಳಂಬ ಏರುವುದೇ ಇಲ್ಲ. ಆಗ ಲೆಡ್‌ಬ್ಯಾಟ್‌ಗೆ ಹಿಂದೆ ಸರಿಯಲು ಕಾರಣವೇ ಕಾಣುವುದಿಲ್ಲ, ಅದು ಉಳಿದವರ ಹಾಗೆ ಸಮಪಾಲು ಕೇಳುತ್ತದೆ. ರೂಟರ್ ಸರಿ ಮಾಡಿದ ಮೇಲೆ ಟೊರೆಂಟ್ ಮೊದಲಿಗಿಂತ ಜಾಸ್ತಿ ತಿನ್ನುತ್ತಿದೆ ಅನಿಸಿದರೆ ಕಾರಣ ಇದು. ಆ್ಯಪ್‌ನಲ್ಲೂ ಒಂದು ಮಿತಿ ಇಟ್ಟುಬಿಡಿ.

ಬಿಟ್ಸ್ ಹೆಸರು ಬಂದಾಗ ಒಂದು ಹಳೆಯ ಸುಳ್ಳನ್ನೂ ಹೇಳಿಬಿಡುತ್ತೇನೆ. ವಿಂಡೋಸ್ ನಿಮ್ಮ ಬ್ಯಾಂಡ್‌ವಿಡ್ತ್‌ನ 20 ಶೇಕಡಾ ಕದ್ದಿಟ್ಟುಕೊಳ್ಳುತ್ತದೆ, ಒಂದು ಸೆಟ್ಟಿಂಗ್ ಬದಲಿಸಿದರೆ ಅದು ವಾಪಸ್ ಸಿಗುತ್ತದೆ ಅಂತ ಇಂದಿಗೂ ವಿಡಿಯೊಗಳು ಹೇಳುತ್ತವೆ. ನಿಜ ಅಲ್ಲ. ಆ ಸೆಟ್ಟಿಂಗ್, ಆದ್ಯತೆ ಬೇಕು ಅಂತ ಯಾವುದಾದರೂ ಪ್ರೋಗ್ರಾಂ ಕೇಳಿಕೊಂಡರೆ ಗರಿಷ್ಠ ಎಷ್ಟು ಕಾಯ್ದಿರಿಸಬಹುದು ಅನ್ನುವುದಕ್ಕೆ ಮಾತ್ರ. ಯಾರೂ ಕೇಳದಿದ್ದರೆ ನೂರಕ್ಕೆ ನೂರು ಎಲ್ಲರಿಗೂ ಸಿಗುತ್ತದೆ. ಕೇಳಿದವರು ಬಳಸದಿದ್ದರೂ ಅಷ್ಟೇ.

ವೇಳಾಪಟ್ಟಿಯ ಲೆಕ್ಕ

ಅವಸರವಿಲ್ಲದ ಕೆಲಸವನ್ನು ಯಾರೂ ಬಳಸದ ಹೊತ್ತಿಗೆ ಸರಿಸುವುದು ಎಲ್ಲಕ್ಕಿಂತ ಸರಳ ಉಪಾಯ. ಕ್ಯೂಬಿಟ್‌ಟೊರೆಂಟ್, ಟ್ರಾನ್ಸ್‌ಮಿಶನ್ ಎರಡರಲ್ಲೂ ಹಗಲಿಗೊಂದು, ರಾತ್ರಿಗೊಂದು ಮಿತಿ ಇಡಬಹುದು. ಕ್ಲೌಡ್‌ಗೆ ಫೈಲ್ ಕಳಿಸುವ ಆರ್‌ಕ್ಲೋನ್‌ನಲ್ಲಿ ಇಂಥ ಗಂಟೆಯಿಂದ ಇಷ್ಟು, ಇಂಥ ಗಂಟೆಯಿಂದ ಇಷ್ಟು ಅಂತ ಒಂದೇ ಸಾಲಿನಲ್ಲಿ ಬರೆದುಬಿಡಬಹುದು. ಸ್ವಂತ ವೇಳಾಪಟ್ಟಿ ಇಲ್ಲದ ಕೆಲಸಗಳಿಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಲಿನಕ್ಸ್‌ನ ಕ್ರಾನ್ ಇವೆ. ವಿಂಡೋಸ್‌ನ ಆ್ಯಕ್ಟಿವ್ ಅವರ್ಸ್ ಮಾತ್ರ ಇದಕ್ಕಲ್ಲ. ಅದು ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆಯುತ್ತದೆ, ಡೌನ್‌ಲೋಡನ್ನಲ್ಲ.

ವೇಳೆ ನಿಗದಿ ಮಾಡುವ ಮೊದಲು ಅಷ್ಟು ಹೊತ್ತಿನಲ್ಲಿ ಕೆಲಸ ಮುಗಿಯುತ್ತದಾ ಅಂತ ನೋಡಿಕೊಳ್ಳಿ. 50 ಜಿಬಿ ಬ್ಯಾಕಪ್, ಅಪ್‌ಲೋಡ್ 10 ಎಂಬಿಪಿಎಸ್. ಪೂರ್ತಿ ವೇಗದಲ್ಲಿ ಹೋದರೂ 11 ಗಂಟೆ ಬೇಕು. ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಮಾತ್ರ ಅಂದರೆ ಒಂದು ರಾತ್ರಿಗೆ ಸುಮಾರು 31 ಜಿಬಿ ಹೋಗುತ್ತದೆ, ಎರಡು ರಾತ್ರಿ ಹಿಡಿಯುತ್ತದೆ. ಹಗಲೂ ರಾತ್ರಿ 8 ಎಂಬಿಪಿಎಸ್ ಮಿತಿಯಲ್ಲಿ ಬಿಟ್ಟರೆ 14 ಗಂಟೆಯೊಳಗೆ ಮುಗಿಯುತ್ತದೆ. ಮೂರು ಗಂಟೆ ಜಾಸ್ತಿ, ಆದರೆ ಅಷ್ಟು ಹೊತ್ತೂ ಕಾಲ್ ಮಾಡಬಹುದು, ಪುಟ ತೆರೆಯಬಹುದು. ಮೊದಲ ಬ್ಯಾಕಪ್‌ಗೆ ನಾನಾದರೆ ಈ ಎರಡನೇ ದಾರಿಯನ್ನೇ ಆರಿಸುತ್ತೇನೆ. ಆಮೇಲೆ ದಿನಾ ಹೋಗುವುದು ಬದಲಾದ ಫೈಲ್‌ಗಳಷ್ಟೇ, ಅದಕ್ಕೆ ರಾತ್ರಿ ಸಾಕು.

ರಾತ್ರಿ ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ವೇಳಾಪಟ್ಟಿಯೂ ನಿದ್ದೆ ಹೋಗುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಕಂಪ್ಯೂಟರ್ ಎಬ್ಬಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಒಂದೇ ಜಾಗದಲ್ಲಿ ಹತ್ತಾರು ಕಂಪ್ಯೂಟರ್ ಇದ್ದರೆ ಎಲ್ಲಕ್ಕೂ ಸರಿಯಾಗಿ 12 ಗಂಟೆ ಇಡಬೇಡಿ. ದಟ್ಟಣೆ ಹಗಲಿನಿಂದ ನಡುರಾತ್ರಿಗೆ ಹೋಯಿತು, ಅಷ್ಟೇ ಆಗುತ್ತದೆ. ಒಂದೊಂದಕ್ಕೂ ಕೆಲವು ನಿಮಿಷ ಹಿಂದುಮುಂದು ಮಾಡಿ.

ಡೇಟಾ ಉಳಿಸುವ ಉದ್ದೇಶ ಇದ್ದರೆ ಲೆಕ್ಕ ಬೇರೆ. ಒಂದು ಫೈಲಿನ ವೇಗ ಅರ್ಧ ಮಾಡಿದರೆ ಅದು ಎರಡು ಪಟ್ಟು ಹೊತ್ತು ಇಳಿಯುತ್ತದೆ, ಖರ್ಚಾಗುವ ಡೇಟಾ ಅಷ್ಟೇ. ವಿಡಿಯೊ ನೋಡುವಾಗ ಮಾತ್ರ ಮಿತಿ ಡೇಟಾವನ್ನೂ ಉಳಿಸುತ್ತದೆ. ವೇಗ ಕಡಿಮೆ ಸಿಕ್ಕಿದರೆ ಸ್ಟ್ರೀಮಿಂಗ್ ಆ್ಯಪ್ ತಾನಾಗಿಯೇ ಕಡಿಮೆ ಗುಣಮಟ್ಟದ ವಿಡಿಯೊಗೆ ಇಳಿಯುತ್ತದೆ. ಉಳಿದಂತೆ ಡೇಟಾ ಉಳಿಸಲು ವಿಂಡೋಸ್‌ನ ಮೀಟರ್ಡ್ ಕನೆಕ್ಷನ್, ಮ್ಯಾಕ್ ಮತ್ತು ಐಫೋನ್‌ನ ಲೋ ಡೇಟಾ ಮೋಡ್, ಆಂಡ್ರಾಯ್ಡ್‌ನ ಡೇಟಾ ಸೇವರ್ ಸರಿಯಾದ ಜಾಗಗಳು. ಅವು ಹಿನ್ನೆಲೆಯ ಕೆಲಸಗಳನ್ನು ಮುಂದೂಡುತ್ತವೆ ಅಥವಾ ತಡೆಯುತ್ತವೆ.

ಕಾಲ್‌ನ ಆ್ಯಪ್‌ಗೆ ಮಿತಿ ಹಾಕಲು ಹೋಗಬೇಡಿ. ಅದಕ್ಕೆ ಬೇಕಾದಷ್ಟು ಸಿಗಲಿ ಅಂತಲೇ ಉಳಿದವಕ್ಕೆ ಮಿತಿ. ಒಂದೇ ಸಲ ಎಲ್ಲ ಆ್ಯಪ್‌ಗಳನ್ನೂ ಮುಟ್ಟುವುದೂ ಬೇಡ. ಬ್ಯಾಕಪ್‌ನ ಅಪ್‌ಲೋಡನ್ನು ಲೈನಿನ 80 ಶೇಕಡಾಕ್ಕೆ ಇಳಿಸಿ, ಪಿಂಗ್ ನೋಡಿ. ಇಳಿಯದಿದ್ದರೆ 70 ಮಾಡಿ ನೋಡಿ. ಆಗಲೂ ಇಳಿಯದಿದ್ದರೆ ಸಾಲು ಬೆಳೆಸುತ್ತಿರುವುದು ಬೇರೆ ಯಾವುದೋ ಆ್ಯಪ್ ಅಥವಾ ಬೇರೆ ಸಾಧನ, ಅಥವಾ ವೈಫೈ ಸಿಗ್ನಲ್ಲೇ ದುರ್ಬಲವಾಗಿದೆ. ಒಮ್ಮೆ ಕೇಬಲ್ ಹಾಕಿ ನೋಡಿದರೆ ವೈಫೈ ಪ್ರಶ್ನೆ ಬಗೆಹರಿಯುತ್ತದೆ. ಹಾಕಿದ ಮಿತಿಗಳನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಮುಂದೆ ಪ್ಲಾನ್ ಬದಲಾಯಿಸಿ ವೇಗ ಹೆಚ್ಚಿದಾಗ ರೂಟರ್‌ಗಾಗಲಿ, ಎಂಬಿ ಲೆಕ್ಕದಲ್ಲಿ ಮಿತಿ ಹಾಕಿದ ಆ್ಯಪ್‌ಗಳಿಗಾಗಲಿ ಅದು ಗೊತ್ತಾಗುವುದಿಲ್ಲ. ಹಳೆಯ ಅಂಕಿಯನ್ನು ಹುಡುಕಿ ಬದಲಿಸುವ ಕೆಲಸ ನಮ್ಮದೇ.